ನೂರನೆಯ ಬಾಗಿಲು

ಬಹಳ ಹಿಂದೆ, ಗಿಳಿಗಳೇ ಓಲೆ ಓದಿ ಹೇಳುತ್ತಿದ್ದ ಗಿಳಿಗೋಟೆ ಎಂಬ ರಾಜ್ಯವಿತ್ತು. ಅಲ್ಲಿ ಕೇರಿಗೆ ತೊಂಬತ್ತೊಂಬತ್ತು ಮನೆ. ನೂರನೆಯ ಸಂಖ್ಯೆಗೆ ಮನೆಯೇ ಇಲ್ಲ. ನೂರಕ್ಕೆಂದು ಬಂದ ಮಾತನ್ನು ಗಿಳಿ ಕೇರಿಯ ಪ್ರತಿ ಬಾಗಿಲಲ್ಲೂ ಕೂಗುತ್ತಿತ್ತು. ಕೇರಿಯ ಹೆಬ್ಬಾಗಿಲು ದಾಟಿ ಅದು ಹೊರಗೆ ಹೋಗುತ್ತಿರಲಿಲ್ಲ. ರಾಜಾಜ್ಞೆಗೆ, ಬೆಂಕಿ ಬಿದ್ದ ಸುದ್ದಿಗೆ ಮಾಡಿಟ್ಟ ಏರ್ಪಾಡು ಅದು.

ಬೇರೆ ಸೀಮೆಯಿಂದ ಬಂದ ಸಾಂತವ್ವ, ಬೈಚ ದಂಪತಿಗೆ ಈ ಪದ್ಧತಿ ಗೊತ್ತಿರಲಿಲ್ಲ. ಕೇರಿಯ ಕೊನೆಗೆ ಗುಡಿಸಲು ಹಾಕಿದರು. ಸೋಮಾರಿ ಶಾನುಭೋಗ ಕೈಗೆ ಸಿಕ್ಕ ನೂರನ್ನೇ ಬಾಗಿಲಿಗೆ ಬರೆದುಬಿಟ್ಟ. ವಾರದೊಳಗೆ ರಾಜನು ಬೈಚನನ್ನು ಕಾಡಿಗೆ ಕಳಿಸಿದ. ಜನರನ್ನು ಕಲ್ಲು ಮಾಡುವ ಮಾಯಾವಿಯೊಬ್ಬ ವೇಷ ಮರೆಸಿಕೊಂಡು ಊರಲ್ಲಿದ್ದ. ಅವನ ಪ್ರಾಣವಿದ್ದ ಕರಿಮಣಿ ಕಾಡಲ್ಲಿತ್ತು, ಅದನ್ನು ಹುಡುಕಿ ತರಬೇಕಿತ್ತು.

ಕಾಡಿನಿಂದ ದಾರಿಹೋಕರ ಕೈಯಲ್ಲಿ ಬೈಚನ ಮೊದಲ ಓಲೆ ಬಂತು. "ಸಾಂತೂ, ನಿನ್ನ ಮುಖ ನೋಡದೆ ಊಟ ಸೇರೋದಿಲ್ಲ." ಗಿಳಿ ಮನೆಮನೆಗೂ ಕೂಗಿತು. ಬಾವಿಕಟ್ಟೆಯಲ್ಲಿ ಹೆಂಗಸರು ಬಿದ್ದು ಬಿದ್ದು ನಕ್ಕರು. ಸಾಂತವ್ವ ಶಾನುಭೋಗನ ಬಳಿ ಓಡಿದಳು. "ಸಂಖ್ಯೆ ಬದಲಿಸಿಕೊಡಿ ಸ್ವಾಮಿ."

"ನೋಡೋಣ ತಾಯಿ," ಎಂದ ಅವನು.

ಎರಡನೆಯ ಓಲೆ ಬಂತು. "ಜ್ವರ ಬಂದಿದೆ, ಒಬ್ಬನೇ ಅಳ್ತಾ ಇದ್ದೀನಿ." ಅದನ್ನೂ ಕೇರಿಯೆಲ್ಲ ಕೇಳಿತು. ಮೂವತ್ತೊಂದನೆಯ ಮನೆಯ ವೈದ್ಯ ಪದುಮಯ್ಯ ಬಂದು, "ಹೆದರಬೇಡ ಮಗಳೇ," ಎಂದು ಸಮಾಧಾನ ಹೇಳಿದ. ಸಾಂತವ್ವ ಮತ್ತೆ ಓಡಿದಳು.

"ನೋಡೋಣ ತಾಯಿ."

ಕಾಡಿನಲ್ಲಿ ಅಲೆಯುವವನಿಗೆ ಬಾಗಿಲೂ ಇಲ್ಲ, ಸಂಖ್ಯೆಯೂ ಇಲ್ಲ. ಬರೆಯಬೇಡ ಎಂದು ಅವನಿಗೆ ಹೇಳಿ ಕಳಿಸುವುದಾದರೂ ಹೇಗೆ?

ಮೂರನೆಯ ಓಲೆ ಬಂತು. "ಕರಿಮಣಿ ಸಿಕ್ತು. ನಾಳೆ ಮಧ್ಯಾಹ್ನ ಹುಣಸೆತೋಪಿನ ದಾರೀಲಿ ಬರ್ತೀನಿ. ಯಾರಿಗೂ ಹೇಳಬೇಡ." ಗಿಳಿ ತೊಂಬತ್ತೊಂಬತ್ತು ಬಾಗಿಲಲ್ಲೂ 'ಯಾರಿಗೂ ಹೇಳಬೇಡ' ಎಂದು ಕೂಗಿತು.

ಮರುದಿನ ಸಾಂತವ್ವ ತೋಪಿಗೆ ಹೋದಾಗ ಬೈಚ ಹೆಣವಾಗಿದ್ದ. ಮಣಿ ಇರಲಿಲ್ಲ.

ಅವಳು ಶಾನುಭೋಗನ ಬಳಿ ಹೋಗಲಿಲ್ಲ. ಗಿಳಿಯನ್ನು ಕರೆದಳು. ಗಿಳಿಯ ಕೂಗಿಗೆ ಒಂದು ಕಟ್ಟಿತ್ತು: ಎಲ್ಲರೂ ಕೇಳಲೇಬೇಕು, ಆದರೆ ಅದು ಪ್ರಶ್ನೆಯಾದರೆ ಯಾರಿಗೆ ಸಂಬಂಧಿಸಿದ್ದೋ ಅವರು ಮಾತ್ರ ಓಗೊಡಬೇಕು. ಓಗೊಡದೆ ಇರಲು ಮಾಯಾವಿಗೂ ಆಗದು. "ನೂರನೆಯ ಬಾಗಿಲಿಗೆ ಹೇಳು," ಎಂದಳು, "ಬೈಚ ತಂದ ಕರಿಮಣಿ ಯಾರ ಹತ್ರ ಇದೆ?"

ಗಿಳಿ ಬಾಗಿಲು ಬಾಗಿಲಿಗೆ ಕೂಗುತ್ತ ಹೋಯಿತು. ಮೂವತ್ತು ಮನೆ ಸುಮ್ಮನಿದ್ದವು. ಮೂವತ್ತೊಂದರಲ್ಲಿ, "ನನ್ನ ಹತ್ರ," ಎಂದು ಪದುಮಯ್ಯ ತನ್ನ ಬಾಯನ್ನು ತಾನೇ ಮುಚ್ಚಿಕೊಳ್ಳುತ್ತ ಕಿರುಚಿದ. ಗಿಳಿಯ ಹಿಂದೆಯೇ ಬಂದಿದ್ದ ಸಾಂತವ್ವ ಅವನ ಕೊರಳಿನ ಮಣಿ ಕಿತ್ತು ಹೊಸಿಲ ಮೇಲೆ ಜಜ್ಜಿದಳು. ಅವನು ಅಲ್ಲೇ ಬೂದಿಯಾದ. ಕಲ್ಲಾಗಿದ್ದವರೆಲ್ಲ ಮೈಮುರಿದು ಎದ್ದು ಮನೆಗೆ ಬಂದರು. ಬೈಚ ಕಲ್ಲಾಗಿರಲಿಲ್ಲ, ಸತ್ತಿದ್ದ.

ಊರು ಹಬ್ಬ ಮಾಡಿತು. ಈಗ ಮಾತ್ರ ಶಾನುಭೋಗ ಕರೆಯದೆಯೇ ಓಡಿ ಬಂದ. "ತಾಯಿ, ಮೂವತ್ತೊಂದು ಖಾಲಿಯಾಯ್ತು, ನಿಮ್ಮ ಹೆಸರಿಗೇ ಬರೆದಿದ್ದೀನಿ. ಇನ್ನು ನಿಮ್ಮ ಓಲೆ ನಿಮಗೊಬ್ಬರಿಗೇ ಬರ್ತದೆ."

"ಬರೆಯೋರು ಯಾರಿದ್ದಾರೆ ಸ್ವಾಮಿ?" ಎಂದಳು ಸಾಂತವ್ವ.

ಅಂದಿನಿಂದ ಗಿಳಿಗೋಟೆಯವರೆಲ್ಲ ಸುಖವಾಗಿದ್ದರಂತೆ. ಆ ಎಲ್ಲರಲ್ಲಿ ಸಾಂತವ್ವನನ್ನೂ ಸೇರಿಸಿ ಹೇಳುವವರಿದ್ದಾರೆ. ಹಾಗೆ ಹೇಳಲು ನನಗೆ ಬಾಯಿ ಬರುವುದಿಲ್ಲ.