ಏರಿನಲ್ಲಿ ಉಸಿರುಗಟ್ಟಿದ ಕಾರು

ಆಯುಧ ಪೂಜೆ ಕಳೆದ ಎಂಟನೆಯ ದಿನ ಬೆಳಿಗ್ಗೆ ಮೆಕ್ಯಾನಿಕ್ ನಟರಾಜ್ ನಮ್ಮ ಮನೆಗೆ ಓಡಿಬಂದ. ಪುರೋಹಿತನಾದ ನಾನು ಇನ್ನೂ ದೇವರ ಮುಂದೆ ಕುಳಿತಿದ್ದೆ.

"ಟೀಚರ್, ನನ್ನ ಮರ್ಯಾದೆ ಹೋಯ್ತು! ರಾಜೇಂದ್ರಣ್ಣ ಪೇಟೆ ಮಧ್ಯ ನಿಂತು ನನ್ನ ಕಳ್ಳ ಅಂದ್ರು. ಮಧ್ಯಾಹ್ನ ಠಾಣೆಗೆ ಹೋಗ್ತಾರಂತೆ. ಇನ್ನು ನನ್ನ ಶೆಡ್ಡಿಗೆ ಯಾರು ಗಾಡಿ ಬಿಡ್ತಾರೆ?"

ನನ್ನ ತಂಗಿ ಸರೋಜ ಪತ್ರಿಕೆ ಮಡಿಸಿಟ್ಟಳು. ಮೂವತ್ತು ವರ್ಷ ಕೋಣಂದೂರಿನಲ್ಲಿ ವಿಜ್ಞಾನ ಕಲಿಸಿದವಳು ಅವಳು. ದೇವರ ಬೆಳ್ಳಿಯ ಕಣ್ಣು ಕಳೆದಾಗಲೂ ಊರಿನವರು ಬಂದದ್ದು ಅವಳ ಬಳಿಗೇ. ಎರಡು ವರ್ಷದ ಹಿಂದೆ ನನ್ನ ಹೆಂಡತಿ ಸುಬ್ಬಲಕ್ಷ್ಮಿ ತೀರಿಕೊಂಡ ಮೇಲೆ ನಾನು ತಂಗಿಯ ಮನೆಯಲ್ಲಿದ್ದೆ. ಅವಳ ಹಿಂದೆ ಓಡಾಡುವಾಗ ಮಾತ್ರ ನನಗೆ ದಿನ ಸರಿದದ್ದು ತಿಳಿಯುತ್ತಿರಲಿಲ್ಲ.

"ಅಳಬೇಡ. ಮೊದಲಿಂದ ಹೇಳು," ಎಂದಳು ಸರೋಜ.

ಹೊಸನಗರದ ರಾಜೇಂದ್ರನ ಬಳಿ ಒಂದು ಹಳೆಯ ಅಮೆರಿಕನ್ ಕಾರಿತ್ತು. ಕಾರ್ಗಲ್‌ನಲ್ಲಿ ಕೆಲಸಕ್ಕಿದ್ದ ವಿದೇಶಿ ಎಂಜಿನಿಯರೊಬ್ಬರು ಊರಿಗೆ ಮರಳುವಾಗ ಅವನ ತಂದೆಗೆ ಕೊಟ್ಟುಹೋದದ್ದು. ಉದ್ದ ಮೂತಿ, ಎಂಟು ಸಿಲಿಂಡರು. ಹೊರಟರೆ ಅಂಗಡಿಯ ಗಾಜುಗಳು ಅದುರುತ್ತಿದ್ದವು. ನಟರಾಜ್ ನಾಲ್ಕು ತಿಂಗಳು ಕುಳಿತು ಅದನ್ನು ಸರಿಮಾಡಿದ್ದ. ಆಯುಧ ಪೂಜೆಯ ದಿನ ಅವನ ಶೆಡ್ಡಿನಲ್ಲಿ ನಾನೇ ಕಾರಿಗೆ ಪೂಜೆ ಮಾಡಿ, ಮೂತಿಗೂ ಚಕ್ರಗಳಿಗೂ ಹಿಂದಿನ ಪೆಟ್ರೋಲ್ ಮುಚ್ಚಳಕ್ಕೂ ಕುಂಕುಮ ಹಚ್ಚಿದ್ದೆ.

"ಅವತ್ತಿಂದ ಶುರು ಟೀಚರ್. ಸ್ವಲ್ಪ ದೂರ ಹುಲಿ ಹಂಗೆ ಓಡುತ್ತೆ. ಆಮೇಲೆ ಏರಿನಲ್ಲಿ ಕೆಮ್ಮಿ ನಿಲ್ಲುತ್ತೆ. ಫಿಲ್ಟರ್ ಬಿಚ್ಚಿದೆ, ಚೊಕ್ಕ ಇದೆ. ಕಾರ್ಬುರೇಟರ್ ತೊಳೆದೆ. ಪೆಟ್ರೋಲ್ ಎಳೆಯೋ ಪಂಪ್ ಎರಡು ಸಲ ನೋಡಿದೆ. ಒಳ್ಳೆ ಪಂಪ್ ಕದ್ದು ಹಾಳು ಪಂಪ್ ಹಾಕಿದೀಯ ಅಂತಾರೆ ರಾಜೇಂದ್ರಣ್ಣ."

"ನಿಂತ ಮೇಲೆ ಏನು ಮಾಡ್ತೀರಿ?"

"ಪೆಟ್ರೋಲ್ ಇದೆಯಾ ಅಂತ ಮುಚ್ಚಳ ತೆಗೆದು ನೋಡ್ತೀವಿ. ಇರುತ್ತೆ. ಮತ್ತೆ ಕೀ ತಿರುಗಿಸಿದ್ರೆ ಹೊರಡುತ್ತೆ! ಇನ್ನೊಂದು ವಿಚಿತ್ರ. ಅರ್ಧ ಟ್ಯಾಂಕಿದ್ರೆ ದೂರ ಹೋಗುತ್ತೆ, ತುಂಬಿಸಿದ್ರೆ ಬೇಗ ನಿಲ್ಲುತ್ತೆ."

ಸರೋಜಳ ಕಣ್ಣು ಮಿನುಗಿತು. "ಅಣ್ಣಯ್ಯ, ಶಾಲು ಹೊದ್ಕೊ. ನಡಿ."

ಶೆಡ್ಡಿನ ಮುಂದೆ ರಾಜೇಂದ್ರ ಕೆಂಡವಾಗಿ ನಿಂತಿದ್ದ. ಅವನು ಕರೆಸಿದ್ದ ತೀರ್ಥಹಳ್ಳಿಯ ದಿನೇಶನೂ ಇದ್ದ. ಆ ಕಾರನ್ನು ತನಗೆ ಕೊಡಿ ಎಂದು ಎರಡು ಬಾರಿ ಕೇಳಿ ಇಲ್ಲವೆನ್ನಿಸಿಕೊಂಡವನು.

"ಇವನ ಮೇಲೂ ನಂಗೆ ಅನುಮಾನವೇ ಟೀಚರ್," ಎಂದ ರಾಜೇಂದ್ರ. "ಪೂಜೆ ದಿನ ಟ್ಯಾಂಕಿನ ಹತ್ರ ಬಗ್ಗಿದ್ದ. ಸಕ್ಕರೆ ಸುರಿದನೋ ಏನೋ!"

"ನಾನು ಚಾಕ್ಕೇ ಸಕ್ಕರೆ ಹಾಕಲ್ಲ ಮಾರಾಯ್ರೆ. ಫೋಟೋ ತೆಗೀತಿದ್ದೆ," ಎಂದು ದಿನೇಶ ಫೋನು ಚಾಚಿದ.

ಸರೋಜ ಆ ಚಿತ್ರವನ್ನು ಬೆರಳಿನಿಂದ ಹಿಗ್ಗಿಸಿ ಬಹಳ ಹೊತ್ತು ನೋಡಿದಳು. "ಇದು ಪೂಜೆಗೆ ಮುಂಚಿನದಾ?"

"ಹೌದು, ಭಟ್ರು ಸ್ನಾನ ಮುಗಿಸಿ ಬರೋ ಮುಂಚೆ."

"ಟ್ಯಾಂಕ್ ತುಂಬಿಸಿ. ಎಲ್ಲರೂ ಹತ್ತಿ," ಎಂದಳು ಸರೋಜ.

ಕಾರು ಗುಡುಗುತ್ತ ಹೊಸನಗರದ ಕಡೆಗೆ ಹಾರಿತು. ನಾನು ರಾಮನಾಮ ಹಿಡಿದೆ. ಸರೋಜ ಹುಡುಗಿಯ ಹಾಗೆ ಕಿಟಕಿಗೆ ಮುಖ ಕೊಟ್ಟು ನಗುತ್ತಿದ್ದಳು. ಸ್ವಲ್ಪ ದೂರದಲ್ಲೇ ಏರು ಬಂತು. ಕಾರು ಕೆಮ್ಮಿತು, ಮುಗ್ಗರಿಸಿತು, ನಿಂತಿತು.

ನಟರಾಜ್ ಮುಚ್ಚಳದ ಕಡೆಗೆ ಓಡಿದ. "ಮುಟ್ಟಬೇಡ!" ಎಂದಳು. "ಮೊದಲು ಕೀ ತಿರುಗಿಸು."

ತಿರುಗಿಸಿದ. ಕಾರು ಹೊರಡಲಿಲ್ಲ. ಮತ್ತೆ ಮತ್ತೆ ಪ್ರಯತ್ನಿಸಿದರೂ ಹೊರಡಲಿಲ್ಲ.

"ಈಗ ಎಲ್ಲರೂ ಇಲ್ಲಿ ಬಂದು ಕಿವಿಗೊಡಿ." ಅವಳೇ ಮುಚ್ಚಳ ತಿರುಗಿಸಿದಳು. 'ಸುಂಯ್' ಎಂದು ಟ್ಯಾಂಕು ಗಾಳಿ ಎಳೆದುಕೊಂಡಿತು. ಕೀ ತಿರುಗಿಸಿದೊಡನೆ ಎಂಟು ಸಿಲಿಂಡರೂ ಗರ್ಜಿಸಿದವು.

ಎಂಜಿನ್ ಆರಿಸಿ ಎಲ್ಲರೂ ರಸ್ತೆಯ ಪಕ್ಕದ ಕಲ್ಲುಗಳ ಮೇಲೆ ಕುಳಿತೆವು. ಸರೋಜ ತರಗತಿಯಲ್ಲಿ ನಿಂತಂತೆ ನಿಂತಳು.

"ಪಂಪ್ ಹಾಳಾಗಿದ್ರೆ ಮುಚ್ಚಳ ತೆಗೆದ ಮಾತ್ರಕ್ಕೆ ಸರಿಹೋಗ್ತದಾ ರಾಜೇಂದ್ರ? ಇಲ್ಲ. ಹಾಗಾಗಿ ನಟರಾಜ ಕದ್ದಿಲ್ಲ. ಟ್ಯಾಂಕಿಗೆ ಏನಾದ್ರೂ ಸುರಿದಿದ್ರೆ ಫಿಲ್ಟರಿನಲ್ಲಿ ಸಿಗಬೇಕಿತ್ತು. ಅದು ಚೊಕ್ಕ. ಹಾಗಾಗಿ ದಿನೇಶನೂ ಅಲ್ಲ. ಪೆಟ್ರೋಲ್ ಹೊರಗೆ ಹೋದ ಹಾಗೆಲ್ಲ ಆ ಜಾಗಕ್ಕೆ ಗಾಳಿ ಬರಬೇಕು. ಬರದಿದ್ರೆ ಒಳಗೆ ಬಿಗಿ ಹಿಡಿದು ಪಂಪಿಗೆ ಎಳೆಯೋಕೆ ಆಗಲ್ಲ. ಏರಿನಲ್ಲಿ ಪೆಟ್ರೋಲ್ ಹೆಚ್ಚು ಬೇಕು, ಅದಕ್ಕೇ ಅಲ್ಲಿ ಕೆಮ್ಮೋದು. ತುಂಬಿದ ಟ್ಯಾಂಕಿನಲ್ಲಿ ಇರೋ ಗಾಳಿಯೇ ಕಡಿಮೆ, ಅದಕ್ಕೇ ಬೇಗ ನಿಲ್ಲೋದು. ದಿನೇಶನ ಫೋಟೋದಲ್ಲಿ ಮುಚ್ಚಳದ ನಡುವೆ ಸೂಜಿಮೊನೆಯಷ್ಟು ತೂತಿದೆ. ಈಗ ನೋಡಿ."

ತೂತು ಇದ್ದಲ್ಲಿ ದಪ್ಪ ಕುಂಕುಮದ ಬೊಟ್ಟಿತ್ತು.

"ಇಡೀ ಕಾರು ಬಿಚ್ಚಿದವನು ಇದನ್ನ ಯಾಕೆ ಒರೆಸಲಿಲ್ಲ ನಟರಾಜ?"

"ಪೂಜೆ ಕುಂಕುಮ ಟೀಚರ್! ತಾನಾಗೇ ಉದುರಬೇಕು. ನಾನು ಹೆಂಗೆ ಒರೆಸಲಿ?"

"ಒಣ ಕುಂಕುಮ ಎಂಟು ದಿನ ನಿಲ್ಲಲ್ಲ. ಅಣ್ಣಯ್ಯ, ಎಂತದರಲ್ಲಿ ಕಲಸಿದ್ದೆ?"

"ಎಣ್ಣೆಯಲ್ಲಿ," ಎಂದೆ. "ಪ್ರತಿ ವರ್ಷ ಸುಬ್ಬಲಕ್ಷ್ಮಿಯೇ ಕಲಸಿ ಕೊಡುತ್ತಿದ್ದಳು. ನೀರು ಎಷ್ಟು ಹಾಕಬೇಕೆಂದು ನಾನು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಅವಳು ಹೋದ ಮೇಲೆ ನಾನೇ ನೀರಿನಲ್ಲಿ ಕಲಸಿ ಹಚ್ಚಿದ್ದು ಎರಡು ಸಲ ಉದುರಿತು. ಆಮೇಲೆ ಎಣ್ಣೆ ಹಾಕಿದೆ."

ನಾನು ಎದ್ದು, ದೇವರಿಗೆ ಕೈಮುಗಿದು, ಶಾಲಿನ ಅಂಚಿನಿಂದ ಆ ಬೊಟ್ಟನ್ನು ಒರೆಸಿದೆ. ತೂತಿನೊಳಗೆ ಉಳಿದದ್ದನ್ನು ಸರೋಜ ಸೆರಗಿನ ಪಿನ್ನಿನಿಂದ ತೆಗೆದಳು. ಆಮೇಲೆ ಕಾರು ಹೊಸನಗರದವರೆಗೆ ಒಂದು ಕೆಮ್ಮೂ ಇಲ್ಲದೆ ಓಡಿತು!

ರಾಜೇಂದ್ರ ಅಲ್ಲಿಯೇ ನಟರಾಜನ ಕೈ ಹಿಡಿದ. "ತಪ್ಪಾಯ್ತು ಕಣಯ್ಯ."

"ಇಲ್ಲಿ ಹೇಳಿದ್ರೆ ಸಾಲದು," ಎಂದಳು ಸರೋಜ. "ಕಳ್ಳ ಅಂದದ್ದು ಕೋಣಂದೂರು ಪೇಟೆಯಲ್ಲಿ."

ಹಿಂದಿರುಗಿ ಬಂದು ಪೇಟೆಯ ನಡುವೆ ಕಾರು ನಿಲ್ಲಿಸಿದೆವು. ಆ ಸದ್ದಿಗೆ ಅಂಗಡಿಯವರೆಲ್ಲ ಹೊರಬಂದರು. "ನಟರಾಜ್ ಕಳ್ಳ ಅಲ್ಲ, ನಾನು ದುಡುಕಿದೆ," ಎಂದು ರಾಜೇಂದ್ರ ಗಟ್ಟಿಯಾಗಿ ಹೇಳಿದ. ನಾನೂ ಇಳಿದೆ. "ಕಾರು ನಿಲ್ಲಿಸಿದ್ದು ಈ ಕೈ," ಎಂದು ಎಲ್ಲರೆದುರು ಬಲಗೈ ಎತ್ತಿದೆ.

ನಟರಾಜ್ ಕಣ್ಣೊರೆಸಿಕೊಂಡು ನಕ್ಕ. "ಮುಂದಿನ ವರ್ಷನೂ ನೀವೇ ಬರಬೇಕು ಭಟ್ರೇ. ಕುಂಕುಮ ಮಾತ್ರ ನಮ್ಮ ಮನೆಯವಳು ಕಲಸಿ ಕೊಡ್ತಾಳೆ."