ಒಲೆ ಮೇಲಿಟ್ಟ ಹಾಲು

ಒಂದಾನೊಂದು ಕಾಲದಲ್ಲಿ, ಕಾಡಿನಾಚೆಯ ರಾಜ್ಯವೊಂದರಲ್ಲಿ, ರಾಜಕುಮಾರಿಯ ಕುದುರೆಯ ಮುಂದೆ ದೀವಟಿಗೆ ಹಿಡಿದು ಓಡುವ ಹುಡುಗಿಯೊಬ್ಬಳಿದ್ದಳಂತೆ. ಕತ್ತಲು ಇರುವಷ್ಟು ದೂರ ದಾರಿಯೆಲ್ಲ ಅವಳದೇ. ಕೋಟೆಯ ಬಾಗಿಲು ಕಂಡ ಕೂಡಲೇ ಅವಳು ಪಕ್ಕಕ್ಕೆ ಸರಿದು ದೀವಟಿಗೆ ಆರಿಸುತ್ತಿದ್ದಳು. ಜಯಕಾರವೆಲ್ಲ ಕುದುರೆಯ ಮೇಲಿದ್ದವಳಿಗೆ.

ಒಂದು ದಿನ ಬಾಗಿಲ ಬಳಿ ಕೂತಿದ್ದ ಡಂಗುರದವನು ಅವಳು ಸರಿದದ್ದನ್ನು ಕಂಡು, ದೀವಟಿಗೆಯವಳು ಹೆದರಿ ಓಡಿಹೋದಳು ಎಂದು ಸಾರಿಬಿಟ್ಟ. ಊರೆಲ್ಲ ಬಿದ್ದು ಬಿದ್ದು ನಕ್ಕಿತು.

"ಆಮೇಲೆ?" ಎಂದು ಮೊಮ್ಮಗಳು ಕೇಳಿದರೆ ಅಜ್ಜಿ ಕಥೆಯನ್ನು ಹೀಗೆ ಮುಗಿಸುತ್ತಿದ್ದಳು. "ಆಮೇಲೇನು ಕಂದಾ... ಅವನು ಅದೇ ಬಾಗಿಲಲ್ಲಿ ನಿಂತು, ಅದೇ ಡಂಗುರ ಬಾರಿಸಿ ನಿಜ ಸಾರೋವರೆಗೂ ಆ ಊರಿಗೆ ಬೆಳಗೇ ಆಗ್ಲಿಲ್ಲ."

ಈ ಕಥೆ ಕೇಳಿಕೊಂಡೇ ಬೆಳೆದ ಮೊಮ್ಮಗಳು ದೊಡ್ಡವಳಾದ ಮೇಲೆ ಹಿಡಿದದ್ದೂ ಅಂಥದೇ ಕಸುಬು. ದೂರದ ಓಟಗಳಲ್ಲಿ ಅವಳು ಪೇಸರ್. ಎಲ್ಲರಿಗಿಂತ ಮುಂದೆ ಓಡುತ್ತ, ಎದುರುಗಾಳಿಗೆ ಎದೆಯೊಡ್ಡಿ, ಗೊತ್ತುಮಾಡಿದ ವೇಗವನ್ನು ಒಂದು ಚೂರೂ ಆಚೀಚೆ ಆಗದಂತೆ ಹಿಡಿದಿಡುವುದು ಅವಳ ಕೆಲಸ. ಗೊತ್ತುಮಾಡಿದ ಸುತ್ತು ಮುಗಿದೊಡನೆ ಅವಳು ಪಥ ಬಿಟ್ಟು ಒಳಗಿನ ಹುಲ್ಲಿಗೆ ಇಳಿಯುತ್ತಾಳೆ. ಹಿಂದಿದ್ದವರು ಮುಂದೆ ಹೋಗಿ ಗೆಲ್ಲುತ್ತಾರೆ.

ಆ ಕೆಲಸದ ಬಗ್ಗೆ ಅವಳಿಗೆ ಎಷ್ಟು ಹೆಮ್ಮೆಯೆಂದರೆ, ಪದಕ ಎಲ್ಲಿ ಎಂದು ಯಾರಾದರೂ ಕೇಳಿದರೆ ನಕ್ಕುಬಿಡುತ್ತಿದ್ದಳು. ನಾನು ಕೊಟ್ಟ ವೇಗ ಬೇರೆಯವರ ಕೊರಳಲ್ಲಿ ನೇತಾಡ್ತಿದೆ, ಹೋಗಿ ನೋಡ್ಕೊಳ್ಳಿ ಎನ್ನುತ್ತಿದ್ದಳು.

ಆ ನಗು ನಿಂತದ್ದು ವರ್ಷದ ಮೊದಲ ದೊಡ್ಡ ಕ್ರೀಡಾಕೂಟದ ದಿನ.

ಆ ದಿನ ಟೀವಿಯಲ್ಲಿ ಓಟದ ವಿವರಣೆ ಹೇಳಬೇಕಿದ್ದವರ ಗಂಟಲು ಕಟ್ಟಿತ್ತು. ಅವರ ಜಾಗದಲ್ಲಿ ಕೂತವನು ಚೆಂಡಾಟಗಳಿಗೆ ಹೆಸರಾದ ವೀಕ್ಷಕ ವಿವರಣೆಗಾರ. ಜನ ಪ್ರೀತಿಯಿಂದ ಮಾತಿನ ಮಲ್ಲ ಎನ್ನುತ್ತಿದ್ದರು. ಓಟದ ಗಂಧಗಾಳಿ ಅವನಿಗಿರಲಿಲ್ಲ. ಪಕ್ಕದಲ್ಲಿದ್ದವರನ್ನು ಕೇಳಿದ್ದರೆ ಹೇಳುತ್ತಿದ್ದರು. ಆದರೆ ಕೇಳುವ ಅಭ್ಯಾಸ ಅವನಿಗೆಲ್ಲಿ? ಹೇಳುವುದೇ ಅವನ ಹೊಟ್ಟೆಪಾಡು.

ಮುಂದಿದ್ದವಳು ಥಟ್ಟನೆ ಪಥ ಬಿಟ್ಟಿಳಿದಾಗ ಅವನು ದೇಶಕ್ಕೆಲ್ಲ ಕೇಳುವಂತೆ ಹೇಳಿದ. "ಅರೆ, ಮುಂದಿದ್ದವರು ಹೊರಟೇಹೋದ್ರಲ್ಲ... ಒಲೆ ಮೇಲೆ ಹಾಲಿಟ್ಟು ಬಂದಿದ್ರು ಅನ್ಸುತ್ತೆ!"

ಸಂಜೆಯೊಳಗೆ ಆ ತುಣುಕು ಎಲ್ಲರ ಫೋನಿನಲ್ಲೂ ಹರಿದಾಡಿತು. ಬಸ್ಸಿನಲ್ಲಿ, ಅಂಗಡಿಯಲ್ಲಿ, ಅಭ್ಯಾಸದ ಮೈದಾನದ ಬೇಲಿಯಾಚೆ... ಎಲ್ಲೆಲ್ಲೂ ಒಂದೇ ಕೂಗು, ಹಾಲು ಉಕ್ಕಿತು.

ಅದನ್ನೂ ಅವಳು ನುಂಗಿಕೊಳ್ಳುತ್ತಿದ್ದಳು. ನುಂಗಲಾಗದ್ದು ಮನೆಯಲ್ಲಿತ್ತು.

ಅಜ್ಜಿಯ ಕಣ್ಣು ಮಂಜಾಗಿ ಬಹಳ ಕಾಲವಾಗಿತ್ತು. ಮೊಮ್ಮಗಳ ಓಟವಿದ್ದ ದಿನ ಟೀವಿಗೆ ಕಿವಿಯಂಟಿಸಿ ಕೂರುತ್ತಿದ್ದಳು. ಆ ದಿನ ಮನೆಗೆ ಬಂದವಳ ಕೈ ಹಿಡಿದು, ಮೆಲ್ಲಗೆ, ಯಾರಿಗೂ ಕೇಳಿಸಬಾರದೆಂಬಂತೆ ಕೇಳಿದಳು.

"ಸುಸ್ತಾಗಿಹೋಯ್ತಾ ಕಂದಾ?"

ಅಜ್ಜಿಯೂ ನಂಬಿಬಿಟ್ಟಳಲ್ಲ...

ಕೆಲವು ದಿನಗಳ ಮೇಲೆ ಮಾತಿನ ಮಲ್ಲ ಮೈದಾನಕ್ಕೇ ಬಂದ. ಕೈಯಲ್ಲಿ ಹೂಗುಚ್ಛ, ಬೆನ್ನ ಹಿಂದೆ ಚಾನೆಲ್ಲಿನ ಕ್ಯಾಮೆರಾ. ಅವಳು ಶೂ ಲೇಸು ಕಟ್ಟುತ್ತಿದ್ದಳು. ತಲೆಯೆತ್ತಲಿಲ್ಲ.

ನಿನ್ನೆ ಟೀವಿಯಲ್ಲಿ ಕ್ಷಮೆ ಕೇಳಿದ್ದೇನೆ, ನೀವು ನೋಡಿರಬಹುದು ಎಂದು ಅವನು ಶುರುಮಾಡಿದ.

"ನೋಡಿದೆ. 'ಯಾರ ಮನಸ್ಸಿಗಾದರೂ ನೋವಾಗಿದ್ದರೆ' ಅಂದ್ರಿ. ಆಗಿದ್ದರೆ ಅಂದ್ರೇನು? ಆಗಿದೆಯೋ ಇಲ್ವೋ ಅಂತ ಇನ್ನೂ ಅನುಮಾನ ಇದೆಯಾ ನಿಮಗೆ?"

ಮಾತಿನ ಮಲ್ಲನಿಗೆ ಮಾತು ಸಿಗದೇ ಹೋದದ್ದನ್ನು ಕ್ಯಾಮೆರಾದವನು ಮೊದಲ ಸಲ ನೋಡುತ್ತಿದ್ದ. ಅವಳು ಎದ್ದು ನಿಂತು ಆ ಕ್ಯಾಮೆರಾದ ಕಣ್ಣಿಗೆ ಅಂಗೈ ಅಡ್ಡ ಹಿಡಿದಳು.

"ನಮ್ಮಜ್ಜಿಗೆ ಕಣ್ಣು ಕಾಣಲ್ಲ. ನೀವು ಏನು ಹೇಳ್ತೀರೋ ಅವರ ಪಾಲಿಗೆ ಅದೇ ನಡೆದಿದ್ದು. ಹೂವು ವಾಪಸ್ ತಗೊಂಡು ಹೋಗಿ. ಓಟ ನಡೀತಿರುವಾಗ, ನಾನು ಪಥ ಬಿಟ್ಟು ಇಳಿಯೋ ಹೊತ್ತಿಗೆ ಸರಿಯಾಗಿ, ನಾನು ಮಾಡಿದ್ದು ಏನು ಅಂತ ನಿಮ್ಮ ಬಾಯಿಂದಲೇ ಹೇಳಿ. ಆಗ ನೋಡೋಣ."

ಅವನು ಅವಳ ಮುಖವನ್ನೇ ನೋಡಿದ. ಕಣ್ಣಲ್ಲಿ ನೀರಿರಲಿಲ್ಲ, ಬೇಡಿಕೆಯೂ ಇರಲಿಲ್ಲ. ತನಗೆ ಸೇರಬೇಕಾದದ್ದನ್ನು ಕೇಳುವವರ ನಿಲುವು ಅದು.

"ಹೇಳ್ತೀನಿ," ಎಂದ. "ಮಾತು ಕೊಟ್ಟೆ."

"ಮಾತು ಕೊಡೋದು ನಿಮಗೆ ಅಭ್ಯಾಸ ಬಿಡಿ," ಎಂದು ಅವಳು ಓಡಲು ಹೊರಟುಹೋದಳು.

ಮರುದಿನ ಬೆಳಿಗ್ಗೆ ಅವನು ಮತ್ತೆ ಬಂದ. ಈ ಸಲ ಹೂವಿಲ್ಲ, ಕ್ಯಾಮೆರಾ ಇಲ್ಲ. ಬರಿಗೈಯಲ್ಲಿ ಕಲ್ಲಿನ ಮೆಟ್ಟಿಲ ಮೇಲೆ ಕೂತ. ಅದರ ಮರುದಿನವೂ ಬಂದ.

ಅಲ್ಲಿದ್ದ ತರಬೇತುದಾರರನ್ನು ಎಲ್ಲರೂ ಕೋಚಮ್ಮ ಎನ್ನುತ್ತಿದ್ದರು. ತಮ್ಮ ಸೀಟಿಯೊಂದು ಬಿಟ್ಟರೆ ಬೇರೆ ಯಾರ ಮಾತಿಗೂ ಬಗ್ಗದ ಹೆಂಗಸು. ಪುಕ್ಕಟೆ ಕೂರೋಕೆ ಇದೇನು ಸಿನಿಮಾ ಮಂದಿರವೇ ಎಂದು ಅವನನ್ನು ಎಬ್ಬಿಸಿ, ಕಣ್ಣು ಮುಚ್ಚಿಸಿ, ಪಥದ ಅಂಚಿನಲ್ಲಿ ನಿಲ್ಲಿಸಿದರು. ಅಜ್ಜಿ ಕೇಳೋ ಹಾಗೆ ಮೊದಲು ನೀನು ಕೇಳೋದು ಕಲಿ ಎಂದರು.

ಮೊದಮೊದಲು ಅವನಿಗೆ ಬರೀ ಧಡಧಡ ಕೇಳಿಸುತ್ತಿತ್ತು. ದಿನ ಕಳೆದಂತೆ ಒಬ್ಬೊಬ್ಬರ ಹೆಜ್ಜೆಯೂ ಬೇರೆಯಾಯಿತು. ಒಬ್ಬಳದು ಸುತ್ತು ಕಳೆದಂತೆ ಭಾರವಾಗುತ್ತಿತ್ತು, ಇನ್ನೊಬ್ಬಳದು ಕೊನೆಯಲ್ಲಿ ಗಾಬರಿಬೀಳುತ್ತಿತ್ತು. ಒಂದು ಹೆಜ್ಜೆ ಮಾತ್ರ ಮೊದಲ ಸುತ್ತಿನಲ್ಲಿ ಹೇಗಿತ್ತೋ ಕೊನೆಯಲ್ಲೂ ಹಾಗೇ.

"ಇದು ನೀವು," ಎಂದ ಒಂದು ಬೆಳಿಗ್ಗೆ, ಕಣ್ಣು ಮುಚ್ಚಿಕೊಂಡೇ. "ನಿಮ್ಮ ಹೆಜ್ಜೆ ಕೇಳಿದ್ರೆ ಯಾರೋ ಕೈ ಹಿಡಿದು ಕರ್ಕೊಂಡು ಹೋದ ಹಾಗಿರುತ್ತೆ."

ಅವಳು ಆ ಸುತ್ತಿನಲ್ಲಿ ಮೊದಲ ಸಲ ವೇಗ ತಪ್ಪಿದಳು. ಕೋಚಮ್ಮನ ಸೀಟಿ ಕಿರುಚಿತು.

ಇವನನ್ನು ದ್ವೇಷಿಸೋದು ದಿನದಿಂದ ದಿನಕ್ಕೆ ಯಾಕಿಷ್ಟು ಕಷ್ಟ ಆಗ್ತಿದೆ? ಅವಳು ತನ್ನನ್ನೇ ಗದರಿಕೊಂಡಳು. ಆದರೂ ಮೈದಾನಕ್ಕೆ ಬಂದೊಡನೆ ಕಣ್ಣು ಮೊದಲು ಹುಡುಕುತ್ತಿದ್ದದ್ದು ಆ ಮೆಟ್ಟಿಲನ್ನೇ.

ಕ್ಷಮೆ ಕೇಳಿಯಾದ ಮೇಲೆ ಇಲ್ಲಿಗೆ ಬರೋಕೆ ನನಗೇನು ನೆಪ ಇರುತ್ತೆ ಎಂದು ಅವನು ಒಮ್ಮೆ ಕೇಳಿದ.

"ಮೊದಲು ಕೊಟ್ಟ ಮಾತು ನಡೆಸಿ. ಆಮೇಲೆ ಕೇಳಿ," ಎಂದಳು, ಮುಖ ಆಚೆ ತಿರುಗಿಸಿ. ತಿರುಗಿಸಿದ ಮುಖದಲ್ಲಿ ನಗುವಿತ್ತು.

ಮುಂದಿನ ಕೂಟ ಬಂತು. ಗಾಳಿಯನ್ನು ಸೀಳಿಕೊಂಡು ಓಡಿದಳು, ತನ್ನ ಸುತ್ತು ಮುಗಿಸಿ ಇಳಿದಳು, ಮನೆಗೆ ಹೋದವಳೇ ಅಜ್ಜಿಯ ಪಕ್ಕ ಕುಸಿದು ಕೂತು ಏನು ಹೇಳಿದ ಎಂದು ಕೇಳಿದಳು.

ಅಜ್ಜಿ ಅವಳ ಬೆನ್ನು ಸವರಿದಳು. "ಅವನಿರ್ಲಿಲ್ಲ ಕಂದಾ. ಬೇರೆ ಯಾರೋ ಮಾತಾಡಿದ್ರು. ನಿನ್ನ ಸುದ್ದಿನೇ ಬರ್ಲಿಲ್ಲ."

ಅದೇ ವಾರ ಚಾನೆಲ್ಲು ಒಂದು ಜಾಹೀರಾತು ಬಿಟ್ಟಿತು. ಹಾಲಿನ ಕಂಪನಿಯೊಂದರ ಪ್ರಾಯೋಜಕತ್ವದಲ್ಲಿ ದೊಡ್ಡ ರಾಜಿ ಕಾರ್ಯಕ್ರಮ. ವೇದಿಕೆಯ ಮೇಲೆ ಅವಳೂ ಮಲ್ಲನೂ ನಿಂತು ಹಾಲು ಕಾಯಿಸಬೇಕಂತೆ! ಅವಳನ್ನು ಒಂದು ಮಾತೂ ಕೇಳದೆ ಅವಳ ಚಿತ್ರವನ್ನೂ ಹಾಕಿದ್ದರು.

ಅವಳ ರಕ್ತ ಕುದಿಯಿತು. ಹೆಜ್ಜೆ ಕೇಳಿದ್ದು, ಕಣ್ಣು ಮುಚ್ಚಿದ್ದು... ಎಲ್ಲ ಇದಕ್ಕಾಗಿಯೇ? ಅವನು ಫೋನು ಮಾಡಿದ. ಎತ್ತಲಿಲ್ಲ. ಮೈದಾನಕ್ಕೆ ಬಂದ. ಅವಳು ಬೆನ್ನು ತಿರುಗಿಸಿ ನಡೆದಳು. ಅವನು ಹಿಂದೆ ಕೂಗಲಿಲ್ಲ, ವಿವರಿಸಲೂ ಇಲ್ಲ. ಆಮೇಲೆ ಮೆಟ್ಟಿಲು ಖಾಲಿಯಾಯಿತು.

ವರ್ಷದ ಕೊನೆಯ ಓಟ ಮೊದಲಿನ ಅದೇ ಕ್ರೀಡಾಂಗಣದಲ್ಲಿತ್ತು. ದೇಶದ ಅತಿ ವೇಗದ ಓಟಗಾರ್ತಿ, ಎಲ್ಲರೂ ಜಿಂಕೆ ಎಂದು ಕರೆಯುವವಳು, ಅಂದು ದಾಖಲೆ ಮುರಿಯಲು ಹೊರಟಿದ್ದಳು. ಅವಳ ಮುಂದೆ ಓಡಬೇಕಾದವಳು ನಮ್ಮ ಹುಡುಗಿ.

ಗ್ಯಾಲರಿಯ ಕೆಳಗಿನ ಕೋಣೆಯಲ್ಲಿ ಬೂಟು ಬಿಗಿಯುತ್ತ ಹುಡುಗಿ ಕೋಚಮ್ಮನಿಗೆ ತನ್ನ ಮನಸ್ಸಿನಲ್ಲಿದ್ದದ್ದನ್ನು ಹೇಳಿಬಿಟ್ಟಳು. ಈ ಸಲ ನಾನು ಇಳಿಯೋದಿಲ್ಲ. ಕೊನೆವರೆಗೂ ಓಡಿ ಎಲ್ಲರ ಬಾಯಿ ಮುಚ್ಚಿಸ್ತೀನಿ. ಪೇಸರ್ ಕೂಡ ಮುಗಿಸಬಹುದು ಅಂತ ನಿಯಮ ಇದೆ ತಾನೇ?

ಕೋಚಮ್ಮ ಅವಳ ಪಕ್ಕ ಬಂದು ಕೂತರು. ಆಮೇಲೆ, ಮಲ್ಲ ಹೇಳಬೇಡಿ ಎಂದು ಕೈಮುಗಿದು ಕೇಳಿಕೊಂಡಿದ್ದನ್ನು ಹೇಳಿದರು. ಹಿಂದಿನ ಕೂಟಕ್ಕೂ ಮೊದಲೇ ಕೇಳಿದಾಗ ಹಾಲು ಕಾಯಿಸುವ ನಾಟಕಕ್ಕೆ ಅವನು ಒಪ್ಪಿರಲಿಲ್ಲ. ಅದಕ್ಕೇ ಚಾನೆಲ್ಲಿನವರು ಮೈಕು ಕಿತ್ತುಕೊಂಡು ಅವನನ್ನು ಮೂಲೆಯ ಮೇಜಿಗೆ ಹಾಕಿದ್ದರು. ಜಾಹೀರಾತು ಬಿಟ್ಟ ಮೇಲೂ ಅವನು ಒಪ್ಪದ ಕಾರಣ ಕಾರ್ಯಕ್ರಮವೂ ನಿಂತುಹೋಗಿತ್ತು.

"ಇದನ್ನ ನನಗೆ ಯಾಕೆ ಹೇಳ್ಲಿಲ್ಲ ಅವರು?"

"ನಾನೂ ಕೇಳ್ದೆ. 'ಮಾತು ನಡೆಸ್ತೀನಿ ಅಂತ ಹೇಳಿದ್ದೆ ಕೋಚಮ್ಮ, ಯಾಕೆ ನಡೆಸಕ್ಕಾಗ್ಲಿಲ್ಲ ಅಂತ ವರದಿ ಒಪ್ಪಿಸ್ತೀನಿ ಅಂದಿರ್ಲಿಲ್ಲ' ಅಂದ. ನಿನ್ನಷ್ಟೇ ಹಠಮಾರಿ ಕಣೇ ಅವನು."

ಹುಡುಗಿಯ ಕೈ ಲೇಸಿನ ಮೇಲೇ ನಿಂತಿತು. ಕೋಚಮ್ಮ ಇನ್ನೊಂದು ಸುದ್ದಿಯನ್ನೂ ಹೇಳಿದರು. ಇವತ್ತು ಮೈಕಿನ ಮುಂದೆ ಮಲ್ಲನೇ ಇದ್ದಾನೆ. ಅವನಿದ್ದರೆ ಮಾತ್ರ ಓಟವಾದ ಮೇಲೆ ನಿಮ್ಮ ಕ್ಯಾಮೆರಾ ಮುಂದೆ ನಿಲ್ಲುತ್ತೇನೆ ಎಂದು ಜಿಂಕೆ ಪಟ್ಟು ಹಿಡಿದಿದ್ದಳಂತೆ. ನನ್ನ ಪಾಲಿನ ಗಾಳಿನೂ ಕುಡಿಯೋಳು ಅವಳು, ಅವಳ ಮಾನ ನನ್ನ ಮಾನ ಎಂದಳಂತೆ.

ಗುಂಡು ಸಿಡಿಯಿತು.

ಅವಳು ಮುಂದೆ. ಹಿಂದೆ ಜಿಂಕೆಯ ಉಸಿರು, ಅದರ ಹಿಂದೆ ಉಳಿದವರು. ಎದುರುಗಾಳಿ ಎದೆಗೆ ಬಡಿಯುತ್ತಿತ್ತು. ಗ್ಯಾಲರಿಯ ಮೂಲೆಯಿಂದ ಯಾರೋ ಕೂಗಿದರು, ಹಾಲು ಉಕ್ಕಿತು... ಗುಂಪು ನಕ್ಕಿತು.

ಕಾಲುಗಳು ಹಗುರವಾಗಿದ್ದವು. ಇಂಥ ದಿನ ಮತ್ತೆ ಬರುವುದಿಲ್ಲ ಎಂದು ಮೈ ಹೇಳುತ್ತಿತ್ತು. ಇಳಿಯಬೇಡ... ಓಡು, ಮುಗಿಸು, ತೋರಿಸು!

ಯಾರಿಗೆ ತೋರಿಸೋದು? ನಕ್ಕವರಿಗಾ?

ತಾನು ವೇಗ ಹೆಚ್ಚಿಸಿದರೆ ಬೆನ್ನ ಹಿಂದಿನ ಉಸಿರು ಒಡೆಯುತ್ತದೆ. ಆ ಉಸಿರು ತನ್ನನ್ನು ನಂಬಿ ಬರುತ್ತಿದೆ. ದೀವಟಿಗೆಯವಳು ತಾನೇ ಕೋಟೆಯೊಳಗೆ ನುಗ್ಗಿದರೆ ದಾರಿ ತೋರಿಸುವವರು ಯಾರು?

ತನ್ನ ಪಾಲಿನ ಕೊನೆಯ ಸುತ್ತಿನವರೆಗೂ ಅವಳ ಹೆಜ್ಜೆ ಕೂದಲೆಳೆಯಷ್ಟೂ ಬದಲಾಗಲಿಲ್ಲ. ಇಳಿಯಬೇಕಾದ ಗೆರೆ ಬಂತು. ಹೋಗು ಜಿಂಕೆ ಎಂದಳು. ತಲೆಯೆತ್ತಿ, ಬೆನ್ನು ನೆಟ್ಟಗೆ ಮಾಡಿ, ಹುಲ್ಲಿಗೆ ಇಳಿದಳು. ಜಿಂಕೆ ಬಾಣದ ಹಾಗೆ ಮುಂದೆ ಹಾರಿದಳು.

ಕೋಚಮ್ಮ ಓಡಿಬಂದು ಫೋನನ್ನು ಅವಳ ಕಿವಿಗೊತ್ತಿದರು. ಆ ಕಡೆ ಅಜ್ಜಿ, ತನ್ನ ಫೋನನ್ನು ಟೀವಿಯ ಮುಂದೆ ಹಿಡಿದು ಕೂತಿದ್ದಳು. ನೇರಪ್ರಸಾರ ಮನೆ ತಲುಪುವಾಗ ಚೂರು ತಡವಾಗುತ್ತದಲ್ಲ... ಹುಲ್ಲಿನ ಮೇಲೆ ನಿಂತಿದ್ದ ಹುಡುಗಿ, ಟೀವಿಯಲ್ಲಿ ಇನ್ನೂ ಓಡುತ್ತಿದ್ದಳು. ಮಲ್ಲನ ದನಿ ಅವಳ ಜೊತೆಗೇ ಓಡುತ್ತಿತ್ತು.

"...ಈಗ ಇಳೀತಾರೆ ನೋಡಿ. ಇವರು ಸುಸ್ತಾಗಿಲ್ಲ, ಸೋತಿಲ್ಲ. ಇವರ ಕೆಲಸ ಮುಗೀತು. ಇಷ್ಟು ಹೊತ್ತು ಗಾಳಿಗೆ ಎದೆ ಕೊಟ್ಟು ಈ ಓಟಾನ ಕಟ್ಟಿದ್ದು ಇವರು. ಹಿಂದೆ ಇದೇ ಜಾಗದಲ್ಲಿ, ಇದೇ ಮೈಕಲ್ಲಿ, ಇವರು ಒಲೆ ಮೇಲೆ ಹಾಲಿಟ್ಟು ಬಂದಿದ್ರು ಅಂತ ಅಂದವನು ನಾನು. ನನಗೆ ಗೊತ್ತಿರ್ಲಿಲ್ಲ. ಗೊತ್ತಿಲ್ಲ ಅನ್ನೋ ಬದಲು ನಗಿಸೋಕೆ ಹೋದೆ. ಇವರಿಗೆ ನೋವಾಯ್ತು. ತಪ್ಪು ನನ್ನದು, ಕ್ಷಮಿಸಿ. ನನ್ನ ಮಾತನ್ನೇ ಕಣ್ಣು ಮಾಡ್ಕೊಂಡು ಕೂತಿರೋ ಅಜ್ಜಿ, ನೀವೂ ಕ್ಷಮಿಸಿ... ನಿಮ್ಮ ಮೊಮ್ಮಗಳು ಈಗ ಪಥ ಬಿಟ್ಟಳು. ತಲೆ ಎತ್ತಿದಾಳೆ. ರಾಣಿ ಹಾಗಿದಾಳೆ."

ಅಷ್ಟರಲ್ಲಿ ಕ್ರೀಡಾಂಗಣವೇ ಎದ್ದು ನಿಂತು ಗರ್ಜಿಸಿತು. ದಾಖಲೆ ಮುರಿದಿತ್ತು. ಒಂದು ಗಳಿಗೆಯ ನಂತರ ಅದೇ ಗರ್ಜನೆ ಫೋನಿನೊಳಗಿಂದಲೂ ಬಂತು. ಅದರ ನಡುವೆ ಅಜ್ಜಿಯ ಅಳು, ನಗು, ಎರಡೂ.

ವಿವರಣೆಗಾರರ ಗಾಜಿನ ಕೋಣೆಯ ಮೆಟ್ಟಿಲಿಳಿದು ಅವನು ಬಂದಾಗ ಅವಳು ಇನ್ನೂ ಫೋನು ಹಿಡಿದೇ ನಿಂತಿದ್ದಳು.

"ಈಗ ಕೇಳಬಹುದಾ?" ಎಂದ ಅವನು.

"ನೆಪ ಬೇಕಿತ್ತಲ್ಲ ನಿಮಗೆ..." ಎಂದು ಅವಳು ಬೆವರಿದ ಅಂಗೈಯನ್ನು ಅವನ ಅಂಗೈಯಲ್ಲಿಟ್ಟಳು. "ನಾನೇ ಸಾಕಲ್ವಾ?"

ಅವನು ಉತ್ತರಿಸುವ ಮೊದಲೇ ಫೋನಿನಿಂದ ಅಜ್ಜಿಯ ದನಿ ಕೇಳಿಸಿತು.

"ಕಂದಾ, ಬೆಳಗಾಯ್ತು ಬಿಡು. ಆ ಡಂಗುರದ ಹುಡುಗನ್ನ ಕರ್ಕೊಂಡು ಬೇಗ ಬಾ... ಒಲೆ ಮೇಲೆ ಹಾಲಿಟ್ಟಿದೀನಿ."