ಮರಳಿನೊಳಗೆ ಎರಡು ಬಟ್ಟು

"ಹತ್ತು ಕಿಲೋ ಮರಳು ಐತೆ ಇದ್ರಾಗೆ. ಹೌದಾ ಅಲ್ವಾ, ತೂಕ ಹಾಕಿ ಹೇಳ್ರಿ."

ಚಳ್ಳಕೆರೆಯ ಶೇಂಗಾ ಮಂಡಿಯಲ್ಲಿ ತೂಕದ ಯಂತ್ರದ ಮುಂದೆ ಕೂತಿದ್ದ ಶಶಿರೇಖಾ ತಲೆಯೆತ್ತಿದಳು. ಬೆವರಲ್ಲಿ ತೊಯ್ದ ಹುಡುಗ, ಬೆನ್ನ ಮೇಲೆ ಹರಕು ಬ್ಯಾಗು, ಕಣ್ಣಲ್ಲಿ ಮಾತ್ರ ಊರನ್ನೇ ಗೆದ್ದವನ ಗತ್ತು!

"ಇಲ್ಲಿ ಶೇಂಗಾ ತೂಗ್ತೀವಿ. ಮರಳು ತಿನ್ನೋರು ಯಾರೂ ಬರಲ್ಲ," ಅಂದಳು.

ಅವನು ನಗಲಿಲ್ಲ. ಇವಳಿಗೆ ಮಾತ್ರ ಆ ನಗದ ಮುಖ ಮೊಳಕಾಲ್ಮುರಿಗೆ ಹೋಗುವ ಬಸ್ಸಿನಲ್ಲೂ ಎದುರಿಗೇ ಕೂತಿತ್ತು. ವಾರಕ್ಕೊಮ್ಮೆ ಅವ್ವನನ್ನು ನೋಡಲು ಊರಿಗೆ ಹೋಗುವಳು, ಆ ಸಲ ಅವ್ವ ಏನು ಹೇಳಿದಳೆಂಬುದೇ ನೆನಪಿಲ್ಲ.

ಅವನು ಬಾಲರಾಜು, ಅದೇ ಮಂಡಿಯ ಹಮಾಲಿ ಕೆಂಚಣ್ಣನ ಮಗ. ಸೈನ್ಯಕ್ಕೆ ಸೇರಿ ಪ್ಯಾರಾ ಕಮಾಂಡೋ ಆಗಬೇಕೆಂಬುದೊಂದೇ ಅವನ ಹುಚ್ಚು. ದೇವಸಮುದ್ರದ ನಿವೃತ್ತ ಸೈನಿಕರೊಬ್ಬರು ಅವನಿಗೊಂದು ಅಳತೆ ಕೊಟ್ಟಿದ್ದರು. ಹತ್ತು ಕಿಲೋ ಹೊತ್ತು ಹತ್ತು ಕಿಲೋಮೀಟರ್ ಒಂದು ಗಂಟೆಯೊಳಗೆ ಓಡಿದರೆ ಅರ್ಜಿ ಹಾಕು, ಇಲ್ಲದಿದ್ದರೆ ಆ ಕನಸು ಬಿಡು ಎಂದಿದ್ದರು. ಈ ವರ್ಷ ದಾಟಿದರೆ ಅವನ ವಯಸ್ಸು ಮೀರುತ್ತಿತ್ತು.

ಹರಕು ಬ್ಯಾಗಿನ ಹೊಲಿಗೆಯಿಂದ ಮರಳು ಸೋರುತ್ತಿತ್ತು. ಹಾಗಾಗಿ ಪ್ರತಿ ಶನಿವಾರ ಅವನು ಮಂಡಿಗೆ ಬರುತ್ತಿದ್ದ. ಅವಳು ತೂಗಿ, ಕಮ್ಮಿಯಾದಷ್ಟು ತುಂಬಿ, ದಬ್ಬಣದಲ್ಲಿ ಬಾಯಿ ಹೊಲಿದು ಸಂಜೆ ಕೊಡುತ್ತಿದ್ದಳು. ತಿಂಗಳು ಕಳೆಯುವಷ್ಟರಲ್ಲಿ ಅವನು ಶನಿವಾರವಷ್ಟೇ ಅಲ್ಲ, ಓಡಿ ಬಂದ ದಿನವೆಲ್ಲ ಬಂದು ಸಮಯ ಹೇಳತೊಡಗಿದ. 'ರೀ' ಹೋಗಿ 'ನೀನು' ಬಂದಿತ್ತು.

"ಅರವತ್ತೆರಡು ನಿಮಿಷ, ಶಶಿ! ಇನ್ನೆರಡೇ ನಿಮಿಷ."

ಅವಳು ದಾರ ಎಳೆಯುತ್ತ ಲೆಕ್ಕ ಹಾಕಿದಳು. ಇನ್ನೆರಡೇ ನಿಮಿಷ... ಆಮೇಲೆ ಇವನು ಹೋಗಿಬಿಡುತ್ತಾನೆ. ಇವನಿಗೆ ನಾನು ಯಾರು? ಬ್ಯಾಗು ಹೊಲಿಯುವವಳು, ಅಷ್ಟೇ ತಾನೆ?

ಆ ಶನಿವಾರ ಅವಳು ಅವನೆದುರೇ ಹತ್ತು ಕಿಲೋ ತೂಗಿದಳು. ಅವನು ಹೋದ ಮೇಲೆ ಮೂಲೆಯಲ್ಲಿ ತುಕ್ಕು ಹಿಡಿಯುತ್ತಿದ್ದ ಹಳೆಯ ತಕ್ಕಡಿಯ ಎರಡು ಕಿಲೋ ತೂಕದ ಕಬ್ಬಿಣದ ಬಟ್ಟೊಂದನ್ನು ತಂದು ಮರಳಿನ ನಡುವೆ ಹೂತು ಬಾಯಿ ಹೊಲಿದಳು. ಅಲ್ಲಿಂದಾಚೆ ಶನಿವಾರಗಳಂದು ಬ್ಯಾಗು ಇಟ್ಟು ಹೋಗೆಂದು ಅವನನ್ನು ಕಳಿಸಿ, ಅವನಿಲ್ಲದಾಗಲೇ ತೂಗುತ್ತಿದ್ದಳು.

ಹಮಾಲಿಯ ಮಗನಿಗೆ ಭಾರ ತಿಳಿಯದೇ? ತಿಳಿಯಲಿಲ್ಲ! ಕೆಂಚಣ್ಣ ಇಪ್ಪತ್ತೈದು ವರ್ಷ ಮೂಟೆ ಹೊತ್ತವನು. ತನ್ನ ಮಗನ ಹೆಗಲ ಮೇಲೆ ಒಂದು ಚೀಲವೂ ಕೂರಬಾರದೆಂದು ಹಟ ಹಿಡಿದು ಬೆಳೆಸಿದ್ದ. ಆ ಮಗನೇ ಈಗ ಬೇಕೆಂದೇ ಭಾರ ಹೊತ್ತು ಓಡುವುದನ್ನು ಕಂಡು ಸಿಟ್ಟಾಗಿ, ಆ ಬ್ಯಾಗನ್ನು ಮುಟ್ಟುತ್ತಲೂ ಇರಲಿಲ್ಲ.

ಅರವತ್ತೆರಡು ಅರವತ್ತೈದಾಯಿತು. ಛಲಗಾರ ಮತ್ತೆ ಅರವತ್ತೊಂದಕ್ಕೆ ಇಳಿಸಿದ. ಅವಳು ಎರಡನೇ ಬಟ್ಟು ಹಾಕಿದಳು.

ಅದಾದ ಮೇಲೆ ಕುದಾಪುರದ ರಸ್ತೆಯಲ್ಲಿ ಅವನು ಓಡುವುದಕ್ಕಿಂತ ಕುಸಿಯುವುದೇ ಹೆಚ್ಚಾಯಿತು. ಹೆಗಲ ಚರ್ಮ ಸುಲಿಯಿತು, ಮೊಣಕಾಲು ಊದಿತು. ಹಮಾಲರು ಅವನನ್ನು ಕಮಾಂಡೋ ಸಾಹೇಬ ಎಂದು ಕರೆದು ನಗುತ್ತಿದ್ದರು. ಒಂದು ದಿನ ಅವನು ಮಂಡಿಯ ಮೆಟ್ಟಿಲ ಮೇಲೆ ಕೂತು, ತನ್ನ ಮೈಯಲ್ಲೇ ಸತ್ವವಿಲ್ಲವೇನೋ ಎಂದು ಕೇಳಿದ.

ಈಗಲಾದರೂ ಹೇಳಿಬಿಡು ಎಂದಿತು ಅವಳ ಮನಸ್ಸು.

"ಎಲ್ರ ಕೈಲೂ ಆಗೋದಲ್ಲ ಅದು. ಬಿಟ್ಬಿಡು," ಎಂದಿತು ಬಾಯಿ.

ಅವನು ತಲೆ ತಗ್ಗಿಸಿ ಎದ್ದು ಹೋದ. ಅವತ್ತು ಅವಳಿಗೆ ಊಟ ಸೇರಲಿಲ್ಲ, ಆದರೂ ಬಟ್ಟು ತೆಗೆಯಲಿಲ್ಲ. ಪ್ರೀತಿ ಇಷ್ಟು ನೀಚವಾಗಿಯೂ ಇರುತ್ತದೆ, ಏನು ಮಾಡುವುದು!

ಅರ್ಜಿಯ ಕೊನೆಯ ದಿನ ಬೆಳಿಗ್ಗೆ ಕೆಂಚಣ್ಣ ಮಂಡಿಗೆ ಬಂದ. ಕೈಯಲ್ಲಿ ಆ ಬ್ಯಾಗು, ಹಿಂದೆ ಕುಂಟುತ್ತ ಬಾಲರಾಜು. ಮಗ ಸೋತೆನೆಂದು ಬ್ಯಾಗನ್ನು ಎಸೆದಿದ್ದ. ಹೊರಗೆ ಹಾಕಲು ಅಪ್ಪ ಎತ್ತಿದ್ದ, ಒಂದೇ ಒಂದು ಸಲ. ಮೂಟೆ ಹೊತ್ತ ಕೈಗೆ ಭಾರ ತಿಳಿಯಲು ಅಷ್ಟೇ ಸಾಕಾಗಿತ್ತು.

"ಎಷ್ಟು ಐತವ್ವಾ ಇದು?" ಕೆಂಚಣ್ಣನ ದನಿ ಮೆತ್ತಗಿತ್ತು.

ಅವಳು ದಬ್ಬಣಕ್ಕೆ ದಾರ ಪೋಣಿಸುತ್ತಲೇ ಇದ್ದಳು. ಅವನೇ ಯಂತ್ರದ ಮೇಲಿಟ್ಟ. ಕೆಂಪು ಅಂಕಿ ಹದಿನಾಲ್ಕಕ್ಕೆ ನಿಂತಿತು.

ಬಾಲರಾಜು ದಬ್ಬಣ ಕಿತ್ತುಕೊಂಡು ಹೊಲಿಗೆ ಹರಿದ. ಮರಳಿನೊಳಗಿಂದ ಎರಡು ಬಟ್ಟು ಹೊರಬಂದವು. ಅವನು ಅವಳನ್ನಲ್ಲ, ಅಪ್ಪನನ್ನು ನೋಡಿದ.

"ನೀನೇ ಹಾಕ್ಸಿದ್ದಾ? ನಾನು ಹೋಗೋದು ನಿಂಗೆ ಇಷ್ಟ ಇರ್ಲಿಲ್ಲ, ಅಲ್ವಾ?"

ಕೆಂಚಣ್ಣ ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ಹುಡುಗಿಯ ಮುಖ ನೋಡಿ ಸುಮ್ಮನೆ ನಿಂತ. ಅವಳೂ ಸುಮ್ಮನಿದ್ದುಬಿಟ್ಟರೆ ಸಾಕಿತ್ತು. ಬಾಲರಾಜು ಅವಳ ಬಾಲರಾಜುವಾಗಿಯೇ ಉಳಿಯುತ್ತಿದ್ದ, ಅಪ್ಪ ಮಾತ್ರ ಮಗನನ್ನು ಕಳೆದುಕೊಳ್ಳುತ್ತಿದ್ದ.

"ಅವ್ರಲ್ಲ. ನಾನು," ಅಂದಳು ಶಶಿರೇಖಾ. "ನೀನು ಹೋಗ್ಬಾರ್ದು ಅಂತ... ನೀನಿಲ್ದೆ ನಂಗಾಗಲ್ಲ ಬಾಲು."

ಅವನು ಈಗ ಅವಳತ್ತ ತಿರುಗಿದ.

"ರಾತ್ರಿಯೆಲ್ಲ ಕಾಲು ಹಿಡ್ಕಂಡು ಅಳ್ತಿದ್ದೆ. ನಿಂಗೆ ಗೊತ್ತಿತ್ತು."

"ಗೊತ್ತಿತ್ತು."

ಅವನು ಹತ್ತು ಕಿಲೋ ಉಳಿದ ಬ್ಯಾಗನ್ನು ಅಲ್ಲೇ ಹೊಲಿದು ಬೆನ್ನಿಗೇರಿಸಿ, ಊದಿದ ಕಾಲಲ್ಲೇ ಹೊರಟ. ಅವಳು ಬಾಗಿಲಲ್ಲಿ ನಿಂತೇ ಇದ್ದಳು. ಐವತ್ತಾರು ನಿಮಿಷಕ್ಕೆ ಬಂದವನು ಮುಖವನ್ನೂ ತೋರಿಸದೆ ಅರ್ಜಿ ಹಾಕಲು ಹೋದ. ಹೋಗುವಾಗ ಆ ಎರಡು ಬಟ್ಟುಗಳನ್ನು ಒಯ್ದಿದ್ದ.

ಏಳು ತಿಂಗಳು ಅವನು ಮಂಡಿಯ ಕಡೆ ಸುಳಿಯಲಿಲ್ಲ. ಪರೀಕ್ಷೆ ಬರೆದ, ಓಟ ಗೆದ್ದ, ತರಬೇತಿಗೆ ಕರೆ ಬಂತು. ಎಲ್ಲವನ್ನೂ ಅವಳಿಗೆ ಹೇಳಿದ್ದು ಕೆಂಚಣ್ಣ. ಅವನು ಒಂದು ಸಲವೂ ಅವಳನ್ನು ಬೈಯಲಿಲ್ಲ. ಅದೇ ಅವಳಿಗೆ ಹೆಚ್ಚು ಉರಿಯುತ್ತಿತ್ತು.

ಹೊರಡುವ ದಿನ ಮಧ್ಯಾಹ್ನ, ತೂಕದ ಯಂತ್ರದ ಮೇಲೆ ನೆರಳು ಬಿತ್ತು. ಅವನೇ! ಹೆಗಲು ಅಗಲವಾಗಿತ್ತು, ಮುಖ ಮಾತ್ರ ಮೊದಲ ದಿನದ್ದೇ.

"ಕೈ ಚಾಚು."

ಚಾಚಿದಳು. ಅವನು ಆ ಎರಡು ಬಟ್ಟುಗಳನ್ನು ಅವಳ ಅಂಗೈಗಳ ಮೇಲಿಟ್ಟ. ಕೈ ಕೆಳಕ್ಕೆ ಜಗ್ಗಿತು, ಕಣ್ಣು ತುಂಬಿತು.

"ಭಾರ ಐತೆ ಬಾಲು..."

"ನಾನು ಹೊತ್ತಿದ್ದಾಯ್ತು. ಈಗ ನೀನು ಹೊರು."

"ಎಲ್ಲೀತನಕ?"

ಅವನು ಅವಳ ಕೈಗಳ ಕೆಳಗೆ ತನ್ನ ಕೈಗಳನ್ನು ಕೊಟ್ಟ. ಒಂದು ಗಳಿಗೆ ಭಾರ ಹಗುರವಾಯಿತು.

"ನಾನು ಬಂದು ಇಸ್ಕಳ್ಳೋತನಕ," ಅಂದು ಕೈ ಬಿಟ್ಟ.